ದೊಡ್ಡಕ್ಷರದ ದರ್ಬಾರು

(ಕಲಬುರಗಿಯಲ್ಲಿ, ಮರುದಿನ ಕಮಲಾಪುರದಲ್ಲಿ ಕನ್ನಡದ ಯುವಕ ಯುವತಿಯರು, ಬೋರ್ಡ್ ಬರೆಯುವ ಪೇಂಟರುಗಳು, ಡಿಟಿಪಿ ಅಂಗಡಿಯ ಹುಡುಗರು ಸೇರಿದ್ದ ಸಭೆಗಳಲ್ಲಿ ಆಡಿದ ಮಾತಿನ ಬರಹರೂಪ)



ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಊರಿನ ಹೆಸರು ಬರೆಯಿರಿ. ಕ, ಲ, ಬು, ರ, ಗಿ. ಎಷ್ಟಾಯಿತು? ಐದು. ಅದನ್ನೇ ಇಂಗ್ಲಿಷಿನಲ್ಲಿ ಬರೆದು ಎಣಿಸಿ. ಹತ್ತು! ಕಮಲಾಪುರ ತೆಗೆದುಕೊಳ್ಳಿ. ನಮ್ಮಲ್ಲಿ ಐದು. ಅವರಲ್ಲಿ ಕೊನೆಯ 'ಎ' ಬಿಟ್ಟರೆ ಒಂಬತ್ತು, ಹಾಕಿದರೆ ಹತ್ತು. ಅದೇ ಊರು, ಅದೇ ಉಚ್ಚಾರ, ಆದರೆ ಇಂಗ್ಲಿಷಿಗೆ ಬೇಕಾದ ಅಕ್ಷರ ನಮ್ಮ ಎರಡು ಪಟ್ಟು. ಹಾಗಿದ್ದರೆ ಒಂದೇ ಅಗಲದ ಬೋರ್ಡಿನಲ್ಲಿ ನಮ್ಮ ಅಕ್ಷರ ದೊಡ್ಡದಾಗಿ, ಅವರದು ಸಣ್ಣದಾಗಿ ಕಾಣಬೇಕಲ್ಲವೇ? ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದ ತನಕ ಒಮ್ಮೆ ತಲೆ ಎತ್ತಿಕೊಂಡು ನಡೆಯಿರಿ. ಕಾಣುವುದು ಉಲ್ಟಾ! ಇಂಗ್ಲಿಷು ಎದೆಯುಬ್ಬಿಸಿ ನಿಂತಿರುತ್ತದೆ, ಕನ್ನಡ ಅದರ ಬಗಲಲ್ಲಿ ಮುದುಡಿಕೊಂಡಿರುತ್ತದೆ.

ಯಾಕೆ ಹೀಗೆ? ಅಂಗಡಿಯವನ ಮನಸ್ಸು ಕೆಟ್ಟಿದೆ ಎಂದು ಬೈದುಬಿಡುವುದು ಸುಲಭ. ಎಷ್ಟೋ ಕಡೆ ಮನಸ್ಸು ಕೆಟ್ಟಿಲ್ಲ, ಅಳತೆ ಕೆಟ್ಟಿದೆ. ಆ ಅಳತೆ ಕೆಡಿಸಿದ್ದು ಕ್ಯಾಪಿಟಲ್ ಅಕ್ಷರ. ನಾವು ಒಂದನೇ ಇಯತ್ತೆಯಲ್ಲಿ 'ದೊಡ್ಡ ಎಬಿಸಿಡಿ' ಎಂದು ಕಲಿತೆವಲ್ಲ, ಅದೇ. ಇವತ್ತು ಆ ದೊಡ್ಡ ಎಬಿಸಿಡಿಯ ಬಗ್ಗೆಯೇ ನನ್ನ ಮಾತು. "ಗಡಿ ಇದೆ, ನೌಕರಿ ಇದೆ, ನೀರು ಇದೆ, ಇವೆಲ್ಲ ಬಿಟ್ಟು ಈ ಮನುಷ್ಯ ಎಬಿಸಿಡಿ ಹೇಳಿಕೊಡಲು ಬಂದನೇ?" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ತಮ್ಮ ನಗುತ್ತಿದ್ದಾನೆ. ನಗಲಿ. ನೌಕರಿಯ ಅರ್ಜಿಗೂ ಇದಕ್ಕೂ ಇರುವ ಸಂಬಂಧ ಇನ್ನು ಸ್ವಲ್ಪ ಹೊತ್ತಿಗೆ ಅವನಿಗೂ ಗೊತ್ತಾಗುತ್ತದೆ.

ಇಂಗ್ಲಿಷಿಗೆ ಎರಡು ಜೊತೆ ಅಕ್ಷರ ಯಾಕೆ ಬಂತು? ಹಳೆಯ ರೋಮ್ ನಗರದವರು ಕಲ್ಲಿನ ಮೇಲೆ ಉಳಿಯಿಂದ ಕೆತ್ತಿದ್ದು ದೊಡ್ಡಕ್ಷರ. ನೇರ ಗೆರೆ, ಮೂಲೆ, ವೃತ್ತ. ಚರ್ಮದ ಹಾಳೆಯ ಮೇಲೆ ಲೇಖನಿ ಹಿಡಿದು ಬೇಗ ಬೇಗ ಬರೆಯುವಾಗ ಅದೇ ಅಕ್ಷರ ದುಂಡಾಗಿ, ಸಣ್ಣದಾಗಿ, ಕೆಲವಕ್ಕೆ ಬಾಲ ಬಂದು, ಕೆಲವಕ್ಕೆ ಕೊಂಬು ಬಂದು ಬೇರೆಯಾಯಿತು. ಯುರೋಪಿನಲ್ಲಿ ಷಾರ್ಲ್‌ಮೇನ್ ಎಂಬ ದೊರೆಯ ಕಾಲಕ್ಕೆ ಆ ಸಣ್ಣಕ್ಷರಕ್ಕೆ ಒಂದು ಶಿಸ್ತು ಸಿಕ್ಕಿತು. ಆ ದೊರೆ ತೀರಿಕೊಂಡದ್ದು 814ರಲ್ಲಿ. ಅದೇ 814ರಲ್ಲಿ ನಮ್ಮ ಇದೇ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಮನೆಯಲ್ಲಿ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದ. ಅಲ್ಲಿ ಅವರು ಅಕ್ಷರವನ್ನು ದೊಡ್ಡದು ಸಣ್ಣದು ಎಂದು ಎರಡು ಜಾತಿ ಮಾಡುತ್ತಿದ್ದ ಶತಮಾನದಲ್ಲೇ ಇಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ರಾಜನ ಹೆಸರಿಗೂ ರೈತನ ಊರಿಗೂ ಒಂದೇ ಗಾತ್ರದ ಅಕ್ಷರ. ದೊಡ್ಡಕ್ಷರವಿಲ್ಲದೆ ಆ ಗ್ರಂಥಕ್ಕೇನೂ ಕಡಿಮೆಯಾಗಲಿಲ್ಲ.

ಮುಂದೆ ಅಚ್ಚುಕೂಟ ಬಂದಾಗ ಮೊಳೆ ಜೋಡಿಸುವವನು ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲಿ, ಸಣ್ಣಕ್ಷರದ ಮೊಳೆಗಳನ್ನು ಕೈಗೆ ಹತ್ತಿರದ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಅದಕ್ಕೇ ಇವತ್ತಿಗೂ ಅವರು 'ಅಪ್ಪರ್ ಕೇಸ್', 'ಲೋಯರ್ ಕೇಸ್' ಎನ್ನುವುದು. ಕೇಸ್ ಎಂದರೆ ಕೋರ್ಟಿನದಲ್ಲ, ಮೊಳೆ ಪೆಟ್ಟಿಗೆ!

ಇಂಗ್ಲಿಷಿನಿಂದ ನಾವು ಅಲ್ಪವಿರಾಮ ತೆಗೆದುಕೊಂಡೆವು, ಪ್ರಶ್ನಾರ್ಥಕ ಚಿಹ್ನೆ ತೆಗೆದುಕೊಂಡೆವು, ಆಶ್ಚರ್ಯಸೂಚಕ ಚಿಹ್ನೆ ತೆಗೆದುಕೊಂಡೆವು (ನಮ್ಮ ಪತ್ರಿಕೆಗಳಂತೂ ಬೇಕಾದ್ದಕ್ಕಿಂತ ಹೆಚ್ಚೇ ತೆಗೆದುಕೊಂಡವು). ಆದರೆ ದೊಡ್ಡಕ್ಷರವನ್ನು ತೆಗೆದುಕೊಳ್ಳಲಾಗಲಿಲ್ಲ. ನಮ್ಮ ಲಿಪಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ದೇವನಾಗರಿಯಲ್ಲಿ ಇಲ್ಲ, ತೆಲುಗಿನಲ್ಲಿ ಇಲ್ಲ, ನಮ್ಮೂರಿನ ಅರ್ಧ ಬೋರ್ಡುಗಳ ಮೇಲಿರುವ ಉರ್ದುವಿನಲ್ಲೂ ಇಲ್ಲ. ಜಗತ್ತಿನ ಬಹುಪಾಲು ಲಿಪಿಗಳಿಗೆ ಇಲ್ಲ. ಇರುವುದು ರೋಮನ್, ಗ್ರೀಕ್, ರಷ್ಯನ್ನರ ಸಿರಿಲಿಕ್, ಆರ್ಮೇನಿಯನ್, ಹೀಗೆ ಬೆರಳೆಣಿಕೆಯಷ್ಟಕ್ಕೆ. ಅದನ್ನು ಕೊರತೆ ಎಂದು ಯಾರಾದರೂ ನಿಮಗೆ ಹೇಳಿದರೆ, ಚೀನಾದವರಿಗೆ ಜಪಾನಿನವರಿಗೆ ಈ ಕೊರತೆಯಿಂದ ಏನು ನಷ್ಟವಾಯಿತು ಎಂದು ಕೇಳಿ.

ಹಾಗಾದರೆ ಇಂಗ್ಲಿಷಿನಲ್ಲಿ ಅದಕ್ಕೇನು ಕೆಲಸ? ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಇಂಗ್ಲಿಷ್ ಬರೆಯುವಾಗ ಇಂಗ್ಲಿಷಿನ ಕಾಯಿದೆಯಂತೆಯೇ ಬರೆಯಬೇಕು, ಅಲ್ಲಿ ತಪ್ಪಿದರೆ ಅದೇನೂ ಕನ್ನಡಾಭಿಮಾನವಲ್ಲ. ವಾಕ್ಯದ ಮೊದಲ ಅಕ್ಷರ ದೊಡ್ಡದು. ಮನುಷ್ಯರ, ಊರಿನ, ಸಂಸ್ಥೆಯ ಹೆಸರಿನ ಮೊದಲ ಅಕ್ಷರ ದೊಡ್ಡದು. ಪುಸ್ತಕದ ಹೆಸರು, ಲೇಖನದ ತಲೆಬರಹ ಬರೆಯುವಾಗ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡುವ ರೂಢಿ ಇದೆ. ಅಲ್ಲೂ 'ಆಫ್', 'ಇನ್', 'ದಿ' ಎಂಬಂಥ ಚಿಲ್ಲರೆ ಪದಗಳು ನಡುವೆ ಬಂದರೆ ಸಣ್ಣದಾಗಿಯೇ ಉಳಿಯುತ್ತವೆ. ಕೆಲವು ಪತ್ರಿಕೆಗಳು ತಲೆಬರಹದಲ್ಲೂ ಮೊದಲ ಪದಕ್ಕೆ ಮಾತ್ರ ದೊಡ್ಡಕ್ಷರ ಹಾಕುತ್ತವೆ. ಇದರಲ್ಲಿ ಅವರವರಲ್ಲೇ ಒಮ್ಮತವಿಲ್ಲ. ಜರ್ಮನ್ನರು ವಾಕ್ಯದಲ್ಲಿ ಬರುವ ಎಲ್ಲ ನಾಮಪದಕ್ಕೂ ದೊಡ್ಡಕ್ಷರ ಹಾಕುತ್ತಾರೆ. ಡೆನ್ಮಾರ್ಕಿನವರೂ ಹಾಕುತ್ತಿದ್ದರು, 1948ರಲ್ಲಿ ಸಾಕು ಎಂದು ಬಿಟ್ಟರು. ಇನ್ನು ಇಂಗ್ಲಿಷಿನವರು 'ನಾನು' ಎಂಬ ಪದವನ್ನು ಮಾತ್ರ ಎಲ್ಲಿ ಬಂದರೂ ದೊಡ್ಡಕ್ಷರದಲ್ಲೇ ಬರೆಯುತ್ತಾರೆ. ನೀನು, ಅವನು, ಅವಳು ಎಲ್ಲ ಸಣ್ಣದು, ನಾನು ಮಾತ್ರ ದೊಡ್ಡದು. ಇದರ ಮೇಲೆ ನಾನು ಟೀಕೆ ಮಾಡುವುದಿಲ್ಲ... ನೀವೇ ಮಾಡಿಕೊಳ್ಳಿ.

ಈ ಕಾಯಿದೆಯ ಹಿಂದಿನ ಬುದ್ಧಿ ಏನೆಂದು ಕಮಲಾಪುರದವರಿಗೆ ನಾನು ಹೇಳಬೇಕಿಲ್ಲ, ನಿಮ್ಮ ಕೆಂಬಾಳೆಯೇ ಹೇಳುತ್ತದೆ. ಇಂಗ್ಲಿಷಿನಲ್ಲಿ 'ರೆಡ್ ಬನಾನಾ' ಎಂದು ಎಲ್ಲ ಸಣ್ಣಕ್ಷರದಲ್ಲಿ ಬರೆದರೆ ಅದು ಯಾವುದೋ ಊರಿನ, ಕೆಂಪು ಬಣ್ಣದ ಒಂದು ಬಾಳೆಹಣ್ಣು. 'ಕಮಲಾಪುರ್ ರೆಡ್ ಬನಾನಾ' ಎಂದು ಮೂರೂ ಪದದ ಮೊದಲ ಅಕ್ಷರ ದೊಡ್ಡದು ಮಾಡಿ ಬರೆದರೆ ಅದು ಜಿಐ ಗುರುತು ಪಡೆದ, ಈ ಸೀಮೆಯ ತೋಟದಲ್ಲಿ ಬೆಳೆದ, ಬೇರೆ ಊರಿನವರು ಬಳಸಿಕೊಳ್ಳಲಾಗದ ಒಂದು ಹೆಸರು. ಸಾಮಾನ್ಯ ಪದ ಯಾವುದು, ಅಂಕಿತನಾಮ ಯಾವುದು ಎಂದು ತೋರಿಸುವುದೇ ಆ ದೊಡ್ಡಕ್ಷರದ ಕೆಲಸ. ಈಗ ಹೇಳಿ, ಎಲ್ಲ ಅಕ್ಷರವನ್ನೂ ದೊಡ್ಡದು ಮಾಡಿ ಡಬ್ಬದ ಮೇಲೆ ಅಚ್ಚು ಹಾಕಿಸಿದರೆ ಏನಾಯಿತು? ಆ ವ್ಯತ್ಯಾಸವೇ ಅಳಿಸಿಹೋಯಿತು. ಎಲ್ಲರೂ ಪಟ್ಟಕ್ಕೆ ಕೂತ ಮೇಲೆ ಅರಸು ಯಾರು, ಆಳು ಯಾರು? (ನಮ್ಮ ತೊಗರಿಗೂ 2019ರಲ್ಲಿ ಈ ಗುರುತು ಸಿಕ್ಕಿತು. ಊರಿನ ಹೆಸರು 2014ರ ನವೆಂಬರ್ 1ಕ್ಕೇ ಕಲಬುರಗಿ ಆಗಿದ್ದರೂ ತೊಗರಿ ಬೇಳೆ ಮಾತ್ರ 'ಗುಲ್ಬರ್ಗಾ' ಎಂದೇ ನೋಂದಣಿಯಾಯಿತು. ಅದು ಬೇರೆ ಹೊಟ್ಟೆಯುರಿ, ಇವತ್ತಿನ ಮಾತಲ್ಲ.)

ಬಾಳೆಯ ಮಾತು ಬಂತು, ಅದನ್ನು ಹಿಡಿದುಕೊಂಡೇ ಮುಂದೆ ಹೋಗೋಣ. ನೀವೆಲ್ಲ ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೀರಿ. ಬೇಡ ಎಂದು ನಾವು ಎಷ್ಟು ಸಲ ಹೇಳಿದರೂ ಬರೆಯುತ್ತೀರಿ. ಸರಿ, ಬಿ ಎ ಎಲ್ ಇ ಎಂದು ನಾಲ್ಕೂ ದೊಡ್ಡಕ್ಷರದಲ್ಲಿ ಬರೆಯಿರಿ. ಏನೆಂದು ಓದಬೇಕು? ಬಾಳೆಯೋ? ಬಳೆಯೋ? ಬಲೆಯೋ? ಬಾಲೆಯೋ? ಕಮಲಾಪುರದಿಂದ ಕೆಂಪು ಬಾಳೆ ತರಲು ಹೇಳಿದರೆ ಹುಡುಗ ಕೆಂಪು ಬಳೆ ತರುತ್ತಾನೆ, ಅಕ್ಕ ಕೈಗೆ ಹಾಕಿಕೊಂಡು ಹೋಗುತ್ತಾಳೆ. ಎಚ್ ಎ ಎಲ್ ಎಲ್ ಐ ಎಂದರೆ ಹಳ್ಳಿಯೂ ಹೌದು, ಗೋಡೆ ಮೇಲಿನ ಹಲ್ಲಿಯೂ ಹೌದು.

ಕಂಪ್ಯೂಟರಿನಲ್ಲಿ ಕನ್ನಡ ತಂದ ನಮ್ಮವರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದಾರೆ. ಶೇಷಾದ್ರಿವಾಸು 1998ರಲ್ಲಿ ತಂದ 'ಬರಹ'ದಲ್ಲಿ ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಸಣ್ಣ ಎನ್ ಎಂದರೆ ನ, ದೊಡ್ಡ ಎನ್ ಎಂದರೆ ಣ. ಸಣ್ಣ ಎ ಹ್ರಸ್ವ, ದೊಡ್ಡ ಎ ದೀರ್ಘ. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ 'ನುಡಿ'ಗೂ ಬಂದ ಕೀಲಿಮಣೆಯಲ್ಲೂ ಶಿಫ್ಟ್ ಕೀಲಿಗೆ ಇದೇ ಕೆಲಸ. ಅದರಲ್ಲಿ ಕಮಲಾಪುರ ಎಂದು ಬರೆಯಲು ಏಳು ಕೀಲಿ ಸಾಕು: ಕೆ, ಎಂ, ಎಲ್, ಎ, ಪಿ, ಯು, ಆರ್. ಇವುಗಳಲ್ಲಿ ಶಿಫ್ಟ್ ಬೇಕಾದ್ದು ನಾಲ್ಕನೆಯ 'ಎ'ಗೆ ಮಾತ್ರ, ಲಾ ಎಂಬ ದೀರ್ಘಕ್ಕೆ. ಇಂಗ್ಲಿಷಿನ ಚಟಕ್ಕೆ ಮೊದಲ ಕೆ ದೊಡ್ಡದು ಮಾಡಿದಿರೋ, ಊರು ಖಮಲಾಪುರ ಆಗುತ್ತದೆ!

ಗಮನಿಸಿ, ದೊಡ್ಡಕ್ಷರವನ್ನು ಕನ್ನಡ ಹೇಗೆ ಬಳಸಿಕೊಂಡಿದೆ! ಅವರಿಗೆ ಅದು ಅಂತಸ್ತಿನ ಗುರುತು. ನಮ್ಮ ಕೀಲಿಮಣೆಯಲ್ಲಿ ಅದು ಧ್ವನಿಯ ಗುರುತು. ಬೇಕಾದ ಕಡೆ ಪದದ ನಡುವೆಯೂ ಬರುತ್ತದೆ, ಬೇಡವಾದ ಕಡೆ ಹೆಸರಿನ ಮೊದಲಲ್ಲೂ ಬರುವುದಿಲ್ಲ. ಆದ್ದರಿಂದ ರೋಮನ್ನಿನಲ್ಲಿ ಕನ್ನಡ ಬರೆಯಲೇಬೇಕಾಗಿ ಬಂದರೆ, ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡುವ ಚಟ ಬಿಡಿ. ಆ ದೊಡ್ಡಕ್ಷರವನ್ನು ಳ, ಣ, ಆ ಇವುಗಳಿಗಾಗಿ ಉಳಿಸಿಕೊಳ್ಳಿ. ಊರಿನ ಹೆಸರು, ಮನುಷ್ಯರ ಹೆಸರು ಬಿಟ್ಟು ಉಳಿದ ಕಡೆ ಇದರಿಂದ ನಿಮಗೇನೂ ನಷ್ಟವಿಲ್ಲ.

ಡಿಟಿಪಿ ಮಾಡುವ ತಮ್ಮಂದಿರಿಗೆ ಇನ್ನೊಂದು ಕಥೆ ಗೊತ್ತಿರಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ನುಡಿ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿದ್ದವು. ಸಣ್ಣ ಡಿ ಮನೆಯಲ್ಲಿ ಜ. ದೊಡ್ಡ ಡಿ ಮನೆಯಲ್ಲಿ ಆ. ಸಣ್ಣ ಎಫ್ ಮನೆಯಲ್ಲಿ ಜಿ, ದೊಡ್ಡ ಎಫ್ ಮನೆಯಲ್ಲಿ ಈ. ನಾವು ವರ್ಡ್ ಕಡತದಲ್ಲಿ 'ಜನ' ಎಂದು ಬರೆದು ಮುಂದೆ ಹೋಗುವಷ್ಟರಲ್ಲಿ, ವಾಕ್ಯದ ಮೊದಲಕ್ಷರ ದೊಡ್ಡದಿರಬೇಕು ಎಂದು ಆ ಯಂತ್ರ ತಾನೇ ತಿದ್ದುತ್ತಿತ್ತು. 'ಜನ' ಹೋಗಿ 'ಆನ' ಆಯಿತು. 'ಜಿಲ್ಲೆ' ಹೋಗಿ 'ಈಲ್ಲೆ' ಆಯಿತು. ಯಾರೂ ಮುಟ್ಟಿಲ್ಲ, ಮಾಟವೂ ಆಗಿಲ್ಲ. ಕನ್ನಡಕ್ಕೆ ದೊಡ್ಡಕ್ಷರ ಇಲ್ಲ ಎಂಬುದು ಆ ಯಂತ್ರಕ್ಕೆ ಗೊತ್ತಿರಲಿಲ್ಲ, ಅಷ್ಟೇ. ಯೂನಿಕೋಡಿಗೆ ಗೊತ್ತಿದೆ. ಅದರಲ್ಲಿ ಬರೆದ ಕನ್ನಡದ ಮೇಲೆ 'ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡು' ಎಂಬ ಆಜ್ಞೆ ಕೊಟ್ಟರೆ ಒಂದಕ್ಷರವೂ ಅಲುಗುವುದಿಲ್ಲ. ಹಳೆಯ ಫಾಂಟಿನ ಕಡತಗಳು ಇನ್ನೂ ನಿಮ್ಮ ಅಂಗಡಿಯಲ್ಲಿದ್ದರೆ ಮೊದಲು ಆ ತಾನೇ ತಿದ್ದುವ ಗುಂಡಿ ಬಂದ್ ಮಾಡಿ, ಆಮೇಲೆ ಕಡತವನ್ನು ಯೂನಿಕೋಡಿಗೆ ತನ್ನಿ. ಲಗ್ನಪತ್ರಿಕೆಯಲ್ಲಿ ವರನ ಹೆಸರು ಕೆಟ್ಟು ಬಂದರೆ ಬೈಗುಳ ಮೈಕ್ರೋಸಾಫ್ಟಿಗೆ ಹೋಗುವುದಿಲ್ಲ, ನಿಮಗೇ ಬರುತ್ತದೆ.

ಈಗ ನೌಕರಿಯ ವಿಷಯ. ಹಿಂದಿನ ಸಾಲಿನ ತಮ್ಮ, ಕೇಳಿಸಿಕೋ.

ಅರ್ಜಿ ನಮೂನೆಗಳಲ್ಲಿ ಒಂದು ಸಾಲು ಇರುತ್ತದೆ: 'ಹೆಸರು (ದೊಡ್ಡ ಅಕ್ಷರಗಳಲ್ಲಿ)'. ನಮೂನೆ ಕನ್ನಡದ್ದು, ಬರೆಯಬೇಕಾದ್ದು ಕನ್ನಡದಲ್ಲಿ, ಆದರೂ ದೊಡ್ಡ ಅಕ್ಷರ! ಇಂಗ್ಲಿಷ್ ನಮೂನೆಯನ್ನು ಪದಕ್ಕೆ ಪದ ಇಳಿಸಿದ ಪುಣ್ಯಾತ್ಮ, ಕನ್ನಡದಲ್ಲಿ ಅಂಥದೊಂದು ಅಕ್ಷರ ಇದೆಯೇ ಎಂದು ಒಂದು ಕ್ಷಣ ಯೋಚಿಸಿಲ್ಲ. ಒಬ್ಬ ಅಜ್ಜ ಆ ಸಾಲು ಓದಿ ತನ್ನ ಹೆಸರನ್ನು ಎರಡು ಗೆರೆಗೂ ತುಂಬುವ ಹಾಗೆ ಇಷ್ಟು ದಪ್ಪಗೆ ಬರೆದದ್ದನ್ನು ನಾನು ನೋಡಿದ್ದೇನೆ. ಅಜ್ಜನದೇನು ತಪ್ಪು? ಹೇಳಿದ್ದನ್ನು ಮಾಡಿದ.

ಇಂಗ್ಲಿಷಿನವರು ಹಾಗೆ ಯಾಕೆ ಕೇಳುತ್ತಾರೆ? ಅವರ ಕೈಬರಹ ಅಕ್ಷರಕ್ಕೆ ಅಕ್ಷರ ಕೂಡಿಸಿ ಹರಿಯುತ್ತದೆ, ಓದುವ ಗುಮಾಸ್ತನಿಗೆ ಯು ಯಾವುದು ಎನ್ ಯಾವುದು ತಿಳಿಯುವುದಿಲ್ಲ. ಬಿಡಿಬಿಡಿಯಾಗಿ ಬರೆಯಲಿ ಎಂದು ದೊಡ್ಡಕ್ಷರ ಕೇಳುತ್ತಾರೆ. ಕನ್ನಡವನ್ನು ನಾವು ಹುಟ್ಟಿದಾಗಿನಿಂದ ಬಿಡಿಬಿಡಿಯಾಗಿಯೇ ಬರೆಯುತ್ತೇವೆ! ಹಾಗಾಗಿ ಕನ್ನಡದ ನಮೂನೆಯಲ್ಲಿ ಇರಬೇಕಾದ ಮಾತು 'ಸ್ಪಷ್ಟವಾಗಿ ಬರೆಯಿರಿ, ದೀರ್ಘ ಒತ್ತಕ್ಷರ ಬಿಡಬೇಡಿ' ಎಂಬುದು. ಮನೆ ಹಾಕಿದ ನಮೂನೆಯಾದರೆ ಒಂದು ಮನೆಗೆ ಒಂದು ಪೂರ್ಣಾಕ್ಷರ. ಮಲ್ಲಿಕಾರ್ಜುನನಿಗೆ ಐದೇ ಮನೆ ಸಾಕು: ಮ, ಲ್ಲಿ, ಕಾ, ರ್ಜು, ನ. ಇಂಗ್ಲಿಷಿನಲ್ಲಿ ಅವನಿಗೆ ಹನ್ನೊಂದು ಬೇಕು, ಕೊನೆಗೆ ಎ ಹಾಕಿದರೆ ಹನ್ನೆರಡು.

ಆ ಕೊನೆಯ ಎ ಇದೆಯಲ್ಲ, ಎಷ್ಟು ಹುಡುಗರ ರಕ್ತ ಹೀರಿದೆ ಅದು! ಅಂಕಪಟ್ಟಿಯಲ್ಲಿ ಎ ಇದೆ, ಆಧಾರಿನಲ್ಲಿ ಇಲ್ಲ. ಜಾತಿ ಪ್ರಮಾಣಪತ್ರದಲ್ಲಿ ಡಬಲ್ ಎಲ್, ಬ್ಯಾಂಕಿನಲ್ಲಿ ಸಿಂಗಲ್ ಎಲ್. ನಮಗೆ 371ಜೆ ಬಂದಿದೆ. ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು, ಈ ಭಾಗದ ಸ್ಥಳೀಯ ಹುದ್ದೆಗಳಲ್ಲಿ 'ಎ', 'ಬಿ' ಗುಂಪಿಗೆ ಶೇ. 75, 'ಸಿ' ಗುಂಪಿಗೆ ಶೇ. 80, 'ಡಿ' ಗುಂಪಿಗೆ ಶೇ. 85 ನಮ್ಮ ಮಕ್ಕಳಿಗೆ ಎಂದು ಆಗಿದೆ. ಅದಕ್ಕೆ ಅರ್ಹತಾ ಪತ್ರ ಬೇಕು. ಪತ್ರದಲ್ಲಿ ಒಂದು ಅಕ್ಷರ ಹೊಂದದಿದ್ದರೆ ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕೂತವರು ತಲೆ ಎತ್ತಿ ನೋಡುತ್ತಾರೆ, ಮತ್ತೆ ಅಫಿಡವಿಟ್, ಮತ್ತೆ ನೋಟರಿ, ಮತ್ತೆ ಕಮಲಾಪುರದಿಂದ ಕಲಬುರಗಿಗೆ ಬಸ್ ಚಾರ್ಜು. ಕನ್ನಡದಲ್ಲಿ ಆ ಹುಡುಗನ ಹೆಸರು ಎಲ್ಲ ಕಾಗದದಲ್ಲೂ ಒಂದೇ! ಆರ್ ಎ ಎಂ ಎ ಎಂದು ನಾಲ್ಕು ದೊಡ್ಡಕ್ಷರ ಬರೆದರೆ ಅವನು ರಾಮನೋ, ಅವಳು ರಮಾಳೋ ಎಂದು ಯಾವ ಸಾಹೇಬನೂ ಹೇಳಲಾರ. ಕನ್ನಡದಲ್ಲಿ ಒಂದೇ ದೀರ್ಘ ಹೇಳಿಬಿಡುತ್ತದೆ. ಆದ್ದರಿಂದ ನಮ್ಮ ಒತ್ತಾಯ ಏನಿರಬೇಕು? ಎರಡು ಕಡೆ ಹೊಂದದಿದ್ದಾಗ ಕನ್ನಡದಲ್ಲಿ ಬರೆದ ಹೆಸರನ್ನೇ ಪ್ರಮಾಣವಾಗಿ ಹಿಡಿಯಿರಿ ಎಂದು. ಅಲ್ಲಿಯ ತನಕ ನೀವು ಮಾಡಬೇಕಾದ್ದು ಇಷ್ಟು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಕಾಗುಣಿತ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ಆನ್‌ಲೈನ್ ಸೆಂಟರಿನ ಹುಡುಗ ತನಗೆ ತೋಚಿದಂತೆ ಒತ್ತಲು ಬಿಡಬೇಡಿ. ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹೇಳಿ.

"ದೊಡ್ಡಕ್ಷರ ಇಲ್ಲದಿದ್ದರೆ ಕನ್ನಡದಲ್ಲಿ ಒತ್ತು ಕೊಟ್ಟು ಹೇಳುವುದು ಹೇಗೆ?" ಎಂದು ಕಲಬುರಗಿಯ ಸಭೆಯಲ್ಲಿ ಒಬ್ಬ ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇಂಗ್ಲಿಷಿನವನು 'ಇದು' ಎಂಬ ಪದವನ್ನು ಪೂರಾ ದೊಡ್ಡಕ್ಷರದಲ್ಲಿ ಬರೆದು ಚೀರುತ್ತಾನೆ. ನಾವು 'ಇದೇ' ಎನ್ನುತ್ತೇವೆ. ಮುಗಿಯಿತು! ಇವತ್ತೇ, ಇಲ್ಲೇ, ನಾವೇ. ಒಂದು ಏಕಾರದಲ್ಲಿ ಕೆಲಸ ಆಯಿತು, ಗಂಟಲು ಹರಿದುಕೊಳ್ಳಬೇಕಿಲ್ಲ. ಅವರು ದೇವರಿಗೆ ದೊಡ್ಡಕ್ಷರ ಹಾಕಿ ಗೌರವ ಕೊಡುತ್ತಾರೆ. ನಾವು 'ದೇವರು' ಎನ್ನುವಾಗ ಗೌರವ ಆ 'ರು'ವಿನಲ್ಲೇ ಕೂತಿದೆ. ಹೆಸರು ಚಿಕ್ಕದು ಮಾಡಬೇಕಾದರೆ ಅವರು ಮೊದಲಕ್ಷರಗಳನ್ನು ದೊಡ್ಡದಾಗಿ ಸಾಲು ನಿಲ್ಲಿಸುತ್ತಾರೆ, ಒಂದೊಂದೇ ಹೆಸರು ಹಿಡಿದು ಓದಬೇಕು. ನಾವು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು 'ಕುವೆಂಪು' ಮಾಡಿದೆವು, ಅದೇ ಒಂದು ಚೆಂದದ ಹೆಸರಾಯಿತು. ಅನಕೃ, ತರಾಸು, ಪುತಿನ ಎಲ್ಲ ಹಾಗೇ. ಕನ್ನಡ ಸಾಹಿತ್ಯ ಪರಿಷತ್ತು 'ಕಸಾಪ' ಆಯಿತು. ಅಂಥ ಬುದ್ಧಿ ಇದ್ದವರು ನಾವು, ಈಗ ನಮ್ಮೂರಲ್ಲೇ ಮುಖ್ಯ ಕಚೇರಿ ಇರುವ ಸಾರಿಗೆ ನಿಗಮವನ್ನು 'ಕೆಕೆಆರ್‌ಟಿಸಿ' ಎಂದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಓದುತ್ತಿದ್ದೇವೆ. ನವೆಂಬರ್ 1 ಬಂತೆಂದರೆ 'ಹ್ಯಾಪಿ ಕನ್ನಡ ರಾಜ್ಯೋತ್ಸವ' ಎಂದು ಇಂಗ್ಲಿಷಿನಲ್ಲಿ, ಅದೂ ಪೂರಾ ದೊಡ್ಡಕ್ಷರದಲ್ಲಿ ಬ್ಯಾನರು! ಹಾಕಿದವರ ಫೋಟೊ ಅದಕ್ಕಿಂತ ದೊಡ್ಡದು.

ಇನ್ನು ಬೋರ್ಡು. ಪೇಂಟರ್ ಅಣ್ಣಂದಿರು ಇಲ್ಲಿ ಇದ್ದೀರಿ, ನಾನು ತಪ್ಪಿದರೆ ತಿದ್ದಿ. ನಿಮ್ಮಲ್ಲೇ ಒಬ್ಬರು ನನಗೆ ಹೇಳಿದ್ದು: "ಏನ್ ಮಾಡೋದ್ರಿ ಸರ, ಇಂಗ್ಲಿಷ್ ಕ್ಯಾಪಿಟಲ್ ಹಾಕಿದ್ರ ಪಟ್ಟಿ ತುಂಬತದ. ಕನ್ನಡ ಹಾಕಿದ್ರ ಮ್ಯಾಲ ಗುಡಿಸಿಗಿ ಜಾಗ ಬಿಡಬೇಕು, ಕೆಳಗ ಒತ್ತಿಗಿ ಜಾಗ ಬಿಡಬೇಕು. ನಡುವ ಅಕ್ಷರ ಸಣ್ಣ ಆಗೇ ಆಗ್ತದ."

ನಿಜ. ಇದೇ ಇಡೀ ವಿಷಯದ ಗಂಟು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮೇಲೆ ಕೊಂಬಿಲ್ಲ, ಕೆಳಗೆ ಬಾಲವಿಲ್ಲ. ಒಂದಡಿ ಪಟ್ಟಿ ಕೊಟ್ಟರೆ ಒಂದಡಿಯನ್ನೂ ನುಂಗಿ ನಿಲ್ಲುತ್ತದೆ. ಅದೇ ಒಂದಡಿಯಲ್ಲಿ 'ಲಕ್ಷ್ಮೀ' ಬರೆಯಿರಿ, 'ರಾಷ್ಟ್ರೀಯ' ಬರೆಯಿರಿ. ತಲೆಯ ಮೇಲಿನ ಗುಡಿಸು, ಕಾಲ ಕೆಳಗೆ ಒಂದರಡಿ ಒಂದು ಒತ್ತು. ನಡುವಿನ ಅಕ್ಷರದ ಮೈಗೆ ಉಳಿಯುವುದು ಹೆಚ್ಚು ಕಡಿಮೆ ಅರ್ಧ ಅಡಿ. ಅಡ್ಡಕ್ಕೆ ನಮಗೆ ಜಾಗ ಉಳಿಯುತ್ತದೆ, ಎತ್ತರಕ್ಕೆ ಸಾಲುವುದಿಲ್ಲ. ಉರ್ದುವಿನ ಪಾಡೂ ಇದೇ. ಅದರ ಸಾಲು ಮೇಲಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ, ಕಿರುಪಟ್ಟಿಯಲ್ಲಿ ಉಸಿರು ಕಟ್ಟುತ್ತದೆ.

ಈಗ 2024ರ ತಿದ್ದುಪಡಿ ಕಾಯ್ದೆಯ ಲೆಕ್ಕ ನೋಡಿ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬಹಳ ಹೋರಾಟದ ನಂತರ ಬಂದದ್ದು, ಸಂತೋಷ. ಐದಡಿ ಎತ್ತರದ ಬೋರ್ಡು ಎಂದುಕೊಳ್ಳಿ. ಮೂರಡಿ ಕನ್ನಡಕ್ಕೆ, ಎರಡಡಿ ಇಂಗ್ಲಿಷಿಗೆ. ಕಾಯ್ದೆ ಪಾಲನೆ ಆಯಿತು. ಆದರೆ ಇಂಗ್ಲಿಷನ್ನು ಪೂರಾ ದೊಡ್ಡಕ್ಷರದಲ್ಲಿ ಬರೆದರೆ ಅದರ ಮೈ ಎರಡಡಿ. ಕನ್ನಡದ ಮೈ, ಗುಡಿಸು ಒತ್ತು ಕಳೆದು ಒಂದೂವರೆ ಅಡಿ. ಶೇ. 60 ಕೊಟ್ಟ ಮೇಲೂ ದೂರದಿಂದ ಕಣ್ಣಿಗೆ ಹೊಡೆಯುವುದು ಇಂಗ್ಲಿಷೇ! ಅಧಿಕಾರಿ ಬಂದು ಪಟ್ಟಿ ಅಳೆದು ಸರಿಯಿದೆ ಎಂದು ಹೋಗುತ್ತಾನೆ. ಅಂಗಡಿಯವನೂ ತಾನು ಕಾಯ್ದೆ ಪಾಲಿಸಿದೆ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪರಿಹಾರ ಬಹಳ ಸರಳ, ಒಂದು ಪೈಸೆ ಖರ್ಚಿಲ್ಲ. ಇಂಗ್ಲಿಷ್ ಸಾಲಿನಲ್ಲಿ ಪ್ರತಿ ಪದದ ಮೊದಲಕ್ಷರ ಮಾತ್ರ ದೊಡ್ಡದು ಇರಲಿ, ಉಳಿದದ್ದೆಲ್ಲ ಸಣ್ಣಕ್ಷರ. ಆಗ ಅವರ ಅಕ್ಷರಕ್ಕೂ ಮೇಲೆ ಕೊಂಬು ಬರುತ್ತದೆ, ಕೆಳಗೆ ಬಾಲ ಬರುತ್ತದೆ. ಎರಡಡಿ ಪಟ್ಟಿಯಲ್ಲಿ ಅದರ ಮೈಯೂ ಒಂದಡಿಯ ಆಸುಪಾಸಿಗೆ ಇಳಿಯುತ್ತದೆ. ಈಗ ಕನ್ನಡ ಒಂದೂವರೆ, ಇಂಗ್ಲಿಷ್ ಒಂದು. ಕಾಯ್ದೆಯ ಮನಸ್ಸಿನಲ್ಲಿದ್ದ ಲೆಕ್ಕ ಈಗ ಕಣ್ಣಿಗೂ ಕಂಡಿತು. ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

"ಹಾಗೆ ಬರೆದರೆ ಇಂಗ್ಲಿಷ್ ಓದುವವರಿಗೆ ಕಷ್ಟ" ಎಂದು ಯಾರಾದರೂ ಅಂದರೆ, ಇಂಗ್ಲೆಂಡಿನ ಕಥೆ ಹೇಳಿ. ಅಲ್ಲಿ 1950ರ ದಶಕದ ಕೊನೆಗೆ ಹೆದ್ದಾರಿಗಳು ಬಂದಾಗ ಜಾಕ್ ಕಿನೀರ್, ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರಿಗೆ ಫಲಕ ರೂಪಿಸುವ ಕೆಲಸ ಕೊಟ್ಟರು. ಅವರು ಊರಿನ ಹೆಸರುಗಳನ್ನು ಪೂರಾ ದೊಡ್ಡಕ್ಷರದಲ್ಲಿ ಬರೆಯಲಿಲ್ಲ. ಮೊದಲಕ್ಷರ ದೊಡ್ಡದು, ಉಳಿದದ್ದು ಸಣ್ಣದು. ಯಾಕೆಂದರೆ ವೇಗವಾಗಿ ಹೋಗುವವನು ಅಕ್ಷರ ಕೂಡಿಸಿ ಓದುವುದಿಲ್ಲ, ಪದದ ಆಕಾರ ನೋಡಿ ಗುರುತು ಹಿಡಿಯುತ್ತಾನೆ. ಪೂರಾ ದೊಡ್ಡಕ್ಷರದ ಪದಗಳೆಲ್ಲ ಇಟ್ಟಿಗೆಯಂತೆ ಒಂದೇ ಆಕಾರ. ಅಮೆರಿಕದವರೂ 2009ರ ತಮ್ಮ ಕೈಪಿಡಿಯಲ್ಲಿ ಮಾರ್ಗಫಲಕದ ಊರಿನ ಹೆಸರುಗಳಿಗೆ ಇದೇ ಕ್ರಮ ತಂದರು. ಇಂಗ್ಲಿಷ್ ಹುಟ್ಟಿದ ಮನೆಯಲ್ಲೇ ರಸ್ತೆಯ ಮೇಲೆ ಬಿಟ್ಟದ್ದನ್ನು ನಾವು ಸ್ಟೇಷನ್ ರಸ್ತೆಯಲ್ಲಿ ತಲೆಯ ಮೇಲೆ ಹೊತ್ತುಕೊಂಡಿದ್ದೇವೆ. ಕನ್ನಡದ ಪದಗಳಿಗೆ ಹುಟ್ಟುತ್ತಲೇ ಒಂದೊಂದಕ್ಕೆ ಒಂದೊಂದು ಆಕಾರ. ಎಲ್ಲಿ ಗುಡಿಸು ಏಳುತ್ತದೆ, ಎಲ್ಲಿ ಒತ್ತು ಇಳಿಯುತ್ತದೆ ಎಂಬುದರಿಂದಲೇ ದೂರದಿಂದ ಗುರುತು ಸಿಗುತ್ತದೆ. ಜಾಗ ಕೊಟ್ಟರೆ.

ಪೇಂಟರ್ ಅಣ್ಣಂದಿರಿಗೆ ಒಂದು ಸಣ್ಣ ತಕರಾರು, ಸಿಟ್ಟಾಗಬೇಡಿ. ಕೆಲವರು ಇಂಗ್ಲಿಷನ್ನು ನೋಡಿ ಕನ್ನಡದ ಮೊದಲಕ್ಷರವನ್ನೂ ಉಳಿದವಕ್ಕಿಂತ ಎರಡು ಪಟ್ಟು ಬರೆಯುತ್ತೀರಿ. 'ಕಿರಾಣಿ'ಯಲ್ಲಿ ಕಿ ಆನೆಯಷ್ಟು, ರಾಣಿ ಇಲಿಯಷ್ಟು. ಸಿನಿಮಾ ಪೋಸ್ಟರಿಗೆ ಚೆಂದ, ಅಂಗಡಿಗೆ ಬೇಡ. ಒಂದು ಅಕ್ಷರಕ್ಕೆ ಎತ್ತರ ಕೊಟ್ಟು ನಾಲ್ಕು ಅಕ್ಷರದ ಎತ್ತರ ಕಳೆಯುವುದು ಯಾವ ಲೆಕ್ಕ? ಎಲ್ಲವನ್ನೂ ಸಮನಾಗಿ ಎತ್ತರಿಸಿ, ಗೆರೆ ದಪ್ಪ ಮಾಡಿ, ಬಣ್ಣ ಗಾಢ ಮಾಡಿ.

ಬರುವ ಭಾನುವಾರ ಹತ್ತು ಜನರಂತೆ ತಂಡ ಮಾಡಿಕೊಂಡು ಹೊರಡುತ್ತೇವೆ. ಕಲಬುರಗಿಯವರು ಸೂಪರ್ ಮಾರ್ಕೆಟ್ ಸುತ್ತ, ಕಮಲಾಪುರದವರು ಹುಮನಾಬಾದ್ ರಸ್ತೆಯ ಉದ್ದಕ್ಕೆ. ಮಸಿ ಡಬ್ಬಿ ಬೇಡ, ಕಲ್ಲು ಬೇಡ. ಒಂದು ಅಳತೆ ಟೇಪು, ಒಂದು ವಹಿ, ಏಣಿ ಕೊಡುವ ಒಬ್ಬ ಪೇಂಟರ್ ಅಣ್ಣ ಸಾಕು. ಅಂಗಡಿಯವರನ್ನು "ಸಾವಕಾರ್ರ, ನಿಮ್ಮ ಬೋರ್ಡ್ ಒಮ್ಮೆ ಅಳತೀವ್ರಿ" ಎಂದು ಕೇಳಿಯೇ ಏಣಿ ಹತ್ತಿ. ಅಳೆಯುವಾಗ ಪಟ್ಟಿಯ ಎತ್ತರ ಬರೆದುಕೊಳ್ಳಬೇಡಿ. ಕನ್ನಡದಲ್ಲಿ ಕ ಅಥವಾ ರ ಅಕ್ಷರದ ಮೈ, ಗುಡಿಸು ಒತ್ತು ಬಿಟ್ಟು. ಇಂಗ್ಲಿಷಿನಲ್ಲಿ ಪೂರಾ ದೊಡ್ಡಕ್ಷರವಾದರೆ ಅದರ ಎತ್ತರ, ಸಣ್ಣಕ್ಷರವಿದ್ದರೆ ಸಣ್ಣ ಎ ಅಕ್ಷರದ ಎತ್ತರ. ಎರಡೂ ಅಂಕಿ ವಹಿಯಲ್ಲಿ ಎದುರುಬದುರು ಬರೆಯಿರಿ, ಅಂಗಡಿಯವರಿಗೂ ತೋರಿಸಿ. ಮುಂದಿನ ಬೋರ್ಡು ಬರೆಸುವಾಗ ಇಂಗ್ಲಿಷಿನ ಸಾಲು ಹೇಗಿರಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ. ಚೀಟಿಯ ಮಾದರಿ ಡಿಟಿಪಿ ತಮ್ಮಂದಿರು ಶನಿವಾರ ಸಂಜೆಯೊಳಗೆ ಮಾಡಿಕೊಡುತ್ತಾರೆ. ಯೂನಿಕೋಡಿನಲ್ಲಿ.